ಗುರುತು ಮೊದಲು, ಗೇಟು ಆಮೇಲೆ

ವಿದೇಶಕ್ಕೆ ಹೊರಟವರ, ಅಲ್ಲಿಂದ ಬಂದಿಳಿದವರ ಅರ್ಧ ಆಯಾಸ ಇಮಿಗ್ರೇಷನ್ ಸಾಲಿನದು. ಆ ಸಾಲನ್ನೇ ತಪ್ಪಿಸುವ ಸರ್ಕಾರಿ ಸೌಲಭ್ಯ ಬೆಂಗಳೂರಿಗೆ ಬಂದಿದೆ. ಶುಲ್ಕವಿಲ್ಲ, ದಲ್ಲಾಳಿ ಬೇಕಿಲ್ಲ. ಟಿಕೆಟ್ ತೆಗೆಸುವ ಮೊದಲೇ ಒಂದಿಷ್ಟು ಸಿದ್ಧತೆ ಮಾಡಿಕೊಂಡರೆ ಸಾಕು.

ಡಿಸೆಂಬರಿನ ನಡುರಾತ್ರಿ. ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ಹೊರಗೆ ದೇವನಹಳ್ಳಿಯ ಚಳಿ. ಒಳಗೆ ಇಮಿಗ್ರೇಷನ್ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಯುರೋಪಿನಿಂದ ಒಂದು, ಕೊಲ್ಲಿಯಿಂದ ಎರಡು, ಸಿಂಗಪುರದ ಕಡೆಯಿಂದ ಇನ್ನೊಂದು ವಿಮಾನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಳಿದಿವೆ. ಪಟ್ಟಿ ಕಟ್ಟಿದ ದಾರಿಯಲ್ಲಿ ಸಾಲು ಸುತ್ತಿ ಸುತ್ತಿ ಬಾಗಿಲ ತನಕ ಬಂದಿದೆ. ಹೆಗಲ ಮೇಲೆ ನಿದ್ದೆಹೋದ ಮಕ್ಕಳು, ಬೂದು ಬಣ್ಣದ ಸ್ವೆಟರಿನ ಅಜ್ಜಂದಿರು, ಫೋನಿಗೆ ಸಿಗ್ನಲ್ ಬಂತೇ ಎಂದು ನೋಡುತ್ತಿರುವ ಹುಡುಗರು.

"ಇನ್ನೂ ಎಷ್ಟು ಹೊತ್ತಾಗತ್ತೋ?" ಮಂಡಿ ಒತ್ತಿಕೊಳ್ಳುತ್ತಾ ತಾಯಿಯೊಬ್ಬರು ಮಗನನ್ನು ಕೇಳುತ್ತಾರೆ. ಹಾಲಿನ ಒಂದು ಬದಿಯಲ್ಲಿ ಗಾಜಿನ ಗೇಟುಗಳಿವೆ. ಅಲ್ಲಿ ಸಾಲೇ ಇಲ್ಲ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು, ಪಾಸ್‌ಪೋರ್ಟ್ ಇಟ್ಟಳು, ಗೇಟು ತೆರೆಯಿತು. ಕ್ಯಾಮೆರಾಗೆ ಮುಖ ತೋರಿಸಿದಳು, ಮುಂದಿನದೂ ತೆರೆಯಿತು. ಆಗಲೇ ಅವಳು ಬ್ಯಾಗೇಜ್ ಬೆಲ್ಟಿನ ಕಡೆ ಹೊರಟಾಗಿತ್ತು.

"ನಾವೂ ಆ ಕಡೆ ಹೋಗಬಹುದಲ್ಲೋ?"

"ಅದಕ್ಕೆ ಮೊದಲೇ ರಿಜಿಸ್ಟರ್ ಮಾಡಿಸಿರಬೇಕಂತಮ್ಮ."

ವರ್ಷಾಂತ್ಯದ ರಜೆಗೆ ಊರಿಗೆ ಬರುವವರು, ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಡುವವರು, ಇವರಲ್ಲಿ ಹೆಚ್ಚಿನವರಿಗೆ ಈ ಸಂಗತಿ ತಿಳಿಯುವುದು ಹೀಗೆ, ಸಾಲಿನಲ್ಲಿ ನಿಂತ ಮೇಲೆ. ಅಷ್ಟು ಹೊತ್ತಿಗೆ ಮಾಡುವುದೇನೂ ಉಳಿದಿರುವುದಿಲ್ಲ.

ಆ ಗೇಟುಗಳ ಹಿಂದಿರುವ ವ್ಯವಸ್ಥೆಯ ಹೆಸರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ – ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ. ಕಡತಗಳಲ್ಲಿ ಎಫ್‌ಟಿಐ-ಟಿಟಿಪಿ. ಕೇಂದ್ರ ಗೃಹ ಸಚಿವ ಅಮಿತ್ ಶಾ 2024ರ ಜೂನ್ 22ರಂದು ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದ ಮೂರನೇ ಟರ್ಮಿನಲ್‌ನಲ್ಲಿ ಇದಕ್ಕೆ ಚಾಲನೆ ಕೊಟ್ಟರು. 2025ರ ಜನವರಿ 16ರಂದು ಬೆಂಗಳೂರು, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಕೊಚ್ಚಿ, ಅಹಮದಾಬಾದ್‌ಗಳಿಗೆ ಬಂತು. ಭಾರತೀಯ ನಾಗರಿಕರು ಮತ್ತು ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಉಳ್ಳವರು ಇದನ್ನು ಬಳಸಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಇಲ್ಲವೇ ಪಾಸ್‌ಪೋರ್ಟಿನ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ.

ಇದರ ಹಿಂದಿನ ತರ್ಕ ಸರಳ. ಕೌಂಟರಿನ ಅಧಿಕಾರಿ ನಮ್ಮ ಮುಖ ನೋಡಿ, ಪಾಸ್‌ಪೋರ್ಟ್ ತಿರುವಿ, ಕಂಪ್ಯೂಟರಿನಲ್ಲಿ ಹುಡುಕುವುದು ನಾವು ಯಾರು ಎಂದು ತಿಳಿಯಲು. ಆ ಹುಡುಕಾಟವನ್ನು ನಡುರಾತ್ರಿ, ನಾಲ್ಕು ವಿಮಾನಗಳ ಜನರ ನಡುವೆಯೇ ಏಕೆ ಮಾಡಬೇಕು? ತಿಂಗಳ ಹಿಂದೆಯೇ, ಕಚೇರಿಯ ಹೊತ್ತಿನಲ್ಲಿ, ಸಾವಧಾನವಾಗಿ ಮಾಡಬಹುದಲ್ಲ? ಹಾಗೆ ಪರಿಶೀಲನೆ ಮುಗಿಸಿಟ್ಟರೆ ವಿಮಾನ ನಿಲ್ದಾಣದಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಈ ಮುಖ ಆ ಮುಖವೇ ಹೌದೇ? ಅದಕ್ಕೆ ಉತ್ತರ ಹೇಳಲು ಯಂತ್ರ ಸಾಕು. ತಪಾಸಣೆ ಕಡಿಮೆಯಾಗಿಲ್ಲ, ನಡೆಯುವ ಜಾಗ ಮತ್ತು ಸಮಯ ಬದಲಾಗಿವೆ.

ತಿರುಪತಿಯಲ್ಲಿ 300 ರೂಪಾಯಿ ಕೊಟ್ಟು ವಿಶೇಷ ದರ್ಶನದ ಸಾಲಿಗೆ ಹೋದ ಹಾಗೆ ಇಲ್ಲಿಯೂ ಹಣದ ಬಲವಿರಬೇಕೆಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಭಾರತದ ವ್ಯವಸ್ಥೆಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಬಿಸಿನೆಸ್ ಕ್ಲಾಸಿನವರಿಗೂ ಸಾಮಾನ್ಯ ದರ್ಜೆಯವರಿಗೂ ಒಂದೇ ಗೇಟು. ಜಗತ್ತಿನ ಇಂಥ ಅನೇಕ ಯೋಜನೆಗಳು ದುಡ್ಡಿದ್ದವರಿಗೇ ಹುಟ್ಟಿದವು. ಆ ಹಿನ್ನೆಲೆಯಲ್ಲಿ ಇದು ದೊಡ್ಡ ಮಾತು.

ಬಾಕ್ಸ್: ನೋಂದಣಿ ಹೀಗೆ
ಗೃಹ ಸಚಿವಾಲಯದ ಎಫ್‌ಟಿಐ-ಟಿಟಿಪಿ ಪೋರ್ಟಲ್‌ನಲ್ಲಿ ಅರ್ಜಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಭಾವಚಿತ್ರ, ವಿಳಾಸದ ದಾಖಲೆ ಸ್ಕ್ಯಾನ್ ಮಾಡಿ ಏರಿಸಬೇಕು. ಒಸಿಐಗಳಾದರೆ ಆ ಕಾರ್ಡೂ ಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ವಯಸ್ಸಿನ ಮಿತಿಯನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಪರಿಶೀಲನೆ ಮುಗಿದ ಮೇಲೆ ಸಂದೇಶ ಬರುತ್ತದೆ. ಆಗ ಸಮಯ ಗೊತ್ತು ಮಾಡಿಕೊಂಡು, ವಿದೇಶಿಯರ ನೋಂದಣಿ ಕಚೇರಿಯಲ್ಲೋ (ಎಫ್‌ಆರ್‌ಆರ್‌ಒ) ನಿಗದಿತ ವಿಮಾನ ನಿಲ್ದಾಣದಲ್ಲೋ ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕು. ಬಯೋಮೆಟ್ರಿಕ್ ಕೊಡದೆ ನೋಂದಣಿ ಪೂರ್ತಿಯಾಗುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಈ ನೋಂದಣಿ ಮಾಡಿಸಿದರೆ ಎಲ್ಲ ಸಾಲುಗಳೂ ತಪ್ಪುತ್ತವೆ ಎಂದು. ತಪ್ಪುವುದು ಇಮಿಗ್ರೇಷನ್ ಸಾಲು ಮಾತ್ರ. ಕೈಚೀಲ ಟ್ರೇಗೆ ಹಾಕಿ ಸಿಐಎಸ್‌ಎಫ್ ಸಿಬ್ಬಂದಿಯ ಮುಂದೆ ಕೈ ಚಾಚಿ ನಿಲ್ಲುವ ಭದ್ರತಾ ತಪಾಸಣೆ ಎಲ್ಲರಿಗೂ ಇದ್ದದ್ದೇ. ಬಂದಿಳಿದಾಗ ಕಸ್ಟಮ್ಸ್‌ನ ಹಸಿರು ದಾರಿ, ಕೆಂಪು ದಾರಿ ಕೂಡ ಹಾಗೆಯೇ. ಚೀಲದಲ್ಲಿ ಮಿತಿ ಮೀರಿದ ಚಿನ್ನವಿದ್ದರೆ ಇ-ಗೇಟಿನ ನಂಬಿಕೆ ಅಲ್ಲಿ ನೆರವಿಗೆ ಬರುವುದಿಲ್ಲ.

ಇನ್ನೊಂದು ಗೊಂದಲ ಡಿಜಿಯಾತ್ರದ್ದು. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿಗಳ ಜೊತೆಗೆ ಬೆಂಗಳೂರಿನಲ್ಲೂ ಶುರುವಾದ ಆ ವ್ಯವಸ್ಥೆ ರೂಪುಗೊಂಡದ್ದು ದೇಶದೊಳಗಿನ ಪ್ರಯಾಣಕ್ಕೆ. ಟರ್ಮಿನಲ್ ಬಾಗಿಲಲ್ಲಿ ಟಿಕೆಟ್, ಗುರುತಿನ ಚೀಟಿ ತೋರಿಸುವ ಬದಲು ಮುಖ ತೋರಿಸಿ ಒಳಹೋಗುವ ಅನುಕೂಲ ಅದು. ಫೋನಿನಲ್ಲಿ ಡಿಜಿಯಾತ್ರ ಇದೆಯೆಂದು ಇಮಿಗ್ರೇಷನ್ ಇ-ಗೇಟಿನ ಮುಂದೆ ಹೋಗಿ ನಿಂತರೆ ಅದು ತೆರೆಯುವುದಿಲ್ಲ.

ಆದರೂ ಹತ್ತು ವರ್ಷಗಳ ಹಿಂದಿಗೆ ಹೋಲಿಸಿದರೆ ನಮ್ಮ ನಿಲ್ದಾಣಗಳು ಬಹಳ ಹಗುರಾಗಿವೆ. ಕೈಚೀಲಕ್ಕೆ ಕಟ್ಟಿದ ಚೀಟಿಯ ಮೇಲೆ ಭದ್ರತಾ ಸಿಬ್ಬಂದಿ ಸೀಲ್ ಒತ್ತುತ್ತಿದ್ದದ್ದು ನೆನಪಿರಬಹುದು. 2017ರ ಏಪ್ರಿಲ್‌ನಲ್ಲಿ ಆ ಪದ್ಧತಿ ನಿಲ್ಲಿಸಿದ ಮೊದಲ ಏಳು ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ಅದೇ ವರ್ಷ ಜುಲೈ 1ರಿಂದ ಭಾರತೀಯರು ದೇಶ ಬಿಡುವಾಗ ತುಂಬಬೇಕಿದ್ದ ನಿರ್ಗಮನ ಚೀಟಿಯೂ ರದ್ದಾಯಿತು. ಪೆನ್ನಿಗಾಗಿ ಅಕ್ಕಪಕ್ಕದವರನ್ನು ಕೇಳಿಕೊಂಡು, ಗೋಡೆಗೆ ಒತ್ತಿ ಹಿಡಿದು ಬರೆಯುತ್ತಿದ್ದ ಆ ಚೀಟಿಯ ಕಾಟವನ್ನು ಇಂದಿನ ಮಕ್ಕಳು ಅರಿಯರು.

ಅಂಗೈ ಅಳೆದ ಕಾಲ

ಈ ಆಲೋಚನೆ ಹೊಸದಲ್ಲ. 1993ರಲ್ಲಿ ಅಮೆರಿಕದ ವಲಸೆ ಇಲಾಖೆ ನ್ಯೂಯಾರ್ಕಿನ ಕೆನಡಿ ಮತ್ತು ಪಕ್ಕದ ನ್ಯೂಆರ್ಕ್ ನಿಲ್ದಾಣಗಳಲ್ಲಿ ಇನ್ಸ್‌ಪಾಸ್ ಎಂಬ ಪ್ರಯೋಗ ಮಾಡಿತ್ತು. ಪದೇ ಪದೇ ಬರುವ ವ್ಯಾಪಾರಸ್ಥರು ಯಂತ್ರದ ಮೇಲೆ ಅಂಗೈ ಊರಬೇಕು, ಯಂತ್ರ ಅಂಗೈಯ ಆಕಾರ ಅಳೆದು ಗುರುತಿಸುತ್ತಿತ್ತು. 2001ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣ ಕಣ್ಣಿನ ಪಾಪೆ ನೋಡಿ ಬಿಡುವ ಪ್ರಿವಿಯಂ ಸದಸ್ಯತ್ವ ತಂದಿತು, ಹಣ ಕೊಡುವವರಿಗೆ. ಮರುವರ್ಷ ದುಬೈ ಇ-ಗೇಟ್ ಶುರುಮಾಡಿತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಎಲ್ಲವೂ ಬಿಗಿಯಾಯಿತು. ಅದೇ ಡಿಸೆಂಬರಿನಲ್ಲಿ ಒಬ್ಬಾತ ಶೂಗಳಲ್ಲಿ ಸ್ಫೋಟಕ ಅಡಗಿಸಿಕೊಂಡು ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನ ಹತ್ತಿದ. ಮುಂದೆ 2006ರಲ್ಲಿ ಅಮೆರಿಕದ ನಿಲ್ದಾಣಗಳಲ್ಲಿ ಎಲ್ಲರೂ ಶೂ ಬಿಚ್ಚುವುದು ಕಡ್ಡಾಯವಾಯಿತು. ದ್ರವ ಸ್ಫೋಟಕದ ಸಂಚು ಬಯಲಾದ್ದರಿಂದ ನೀರಿನ ಬಾಟಲಿಗೂ ಅದೇ ವರ್ಷ ತಡೆ ಬಿತ್ತು. ಎಲ್ಲರನ್ನೂ ಒಂದೇ ಸಮ ಶಂಕಿಸುತ್ತಾ ಹೋದರೆ ಸಾಲು ಮುಗಿಯುವುದಿಲ್ಲ, ನಿಜವಾಗಿ ನೋಡಬೇಕಾದವರ ಕಡೆ ಕಣ್ಣು ನಿಲ್ಲುವುದಿಲ್ಲ. ಈ ಅರಿವಿನಿಂದಲೇ 2008ರಲ್ಲಿ ಗ್ಲೋಬಲ್ ಎಂಟ್ರಿ, 2011ರಲ್ಲಿ ಪ್ರೀಚೆಕ್ ಬಂದವು. ಮೊದಲನೆಯದು ಅಮೆರಿಕದೊಳಗೆ ಬರುವಾಗಿನ ಪಾಸ್‌ಪೋರ್ಟ್ ಮತ್ತು ಕಸ್ಟಮ್ಸ್ ತಪಾಸಣೆಗೆ. ಎರಡನೆಯದು ಅಲ್ಲಿಂದ ವಿಮಾನ ಹತ್ತುವಾಗಿನ ಭದ್ರತಾ ತಪಾಸಣೆಗೆ: ಶೂ, ಬೆಲ್ಟ್ ಬಿಚ್ಚಬೇಕಿಲ್ಲ, ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ತೆಗೆಯಬೇಕಿಲ್ಲ. ಶೂ ಬಿಚ್ಚುವ ನಿಯಮವನ್ನು 2025ರ ಜುಲೈನಲ್ಲಿ ಎಲ್ಲ ಪ್ರಯಾಣಿಕರಿಗೂ ತೆಗೆದುಹಾಕಿದರು.

ಗ್ಲೋಬಲ್ ಎಂಟ್ರಿ ಅಮೆರಿಕನ್ನರಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. 2017ರ ಜುಲೈ 3ರಿಂದ ಭಾರತೀಯ ಪಾಸ್‌ಪೋರ್ಟಿನವರಿಗೂ ಅದು ತೆರೆದಿದೆ. ಮೊದಲು ಸದಸ್ಯರಾದ ಭಾರತೀಯರು ಆಗ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದ ನವತೇಜ್ ಸರ್ನಾ. ಅರ್ಜಿ ಶುಲ್ಕ 120 ಡಾಲರ್, ಐದು ವರ್ಷಕ್ಕೆ. ಅದರೊಳಗೆ ಪ್ರೀಚೆಕ್ ಸೌಲಭ್ಯವೂ ಸೇರಿದೆ. ಭಾರತೀಯರಿಗೆ ಒಂದು ಹೆಜ್ಜೆ ಹೆಚ್ಚು: ಪಾಸ್‌ಪೋರ್ಟ್ ಸೇವಾ ಪೋರ್ಟಲ್ ಮೂಲಕ ಇಲ್ಲಿನ ಪೊಲೀಸ್ ಪರಿಶೀಲನೆಯೂ ಆಗಬೇಕು. ಎಲ್ಲ ಸರಿಯಿದ್ದರೆ ಷರತ್ತಿನ ಒಪ್ಪಿಗೆ ಸಿಗುತ್ತದೆ, ಆಮೇಲೆ ಮುಖತಃ ಸಂದರ್ಶನ. ಅದಕ್ಕೆಂದೇ ಬೇರೆ ಪ್ರಯಾಣ ಬೇಕಿಲ್ಲ. ಅಮೆರಿಕದ ಅನೇಕ ನಿಲ್ದಾಣಗಳಲ್ಲಿ ಬಂದಿಳಿದ ಹೊತ್ತಿಗೇ ಸಂದರ್ಶನ ಮುಗಿಸಬಹುದು.

ವರ್ಷಕ್ಕೆ ಎರಡು ಸಲ ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಓಡಾಡುವ ಎಂಜಿನಿಯರಿಗೆ 120 ಡಾಲರ್ ಖಂಡಿತ ಸಾರ್ಥಕ. ಆರು ತಿಂಗಳು ಮಗಳ ಬಾಣಂತನಕ್ಕೆಂದು ಒಮ್ಮೆ ಹೋಗಿಬರುವ ತಾಯಿಗೆ ಅಷ್ಟು ಹಣ, ಪೊಲೀಸ್ ಪರಿಶೀಲನೆ, ಸಂದರ್ಶನ ಎಲ್ಲ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥವರಿಗೆ ಅಬುಧಾಬಿ ದಾರಿ ನೆಮ್ಮದಿ. ಅಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕೂತಿದ್ದಾರೆ. ಇಮಿಗ್ರೇಷನ್, ಕಸ್ಟಮ್ಸ್ ಎಲ್ಲ ಅಲ್ಲೇ ಮುಗಿಸಿ ವಿಮಾನ ಹತ್ತಿದರೆ ಅಮೆರಿಕದಲ್ಲಿ ಸ್ಥಳೀಯ ಪ್ರಯಾಣಿಕರಂತೆ ಇಳಿದು ಹೊರಬರಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ ಎಂಬ ಉಚಿತ ಆ್ಯಪ್ ಇದೆ. ಇಳಿದ ಕೂಡಲೇ ಫೋನಿನಲ್ಲಿ ವಿವರ ತುಂಬಿ ಬೇರೆ ಸಾಲಿಗೆ ಹೋಗಬಹುದು.

ಕುಟುಂಬದವರು ಮರೆಯಬಾರದ ಮಾತೊಂದಿದೆ. ಗ್ಲೋಬಲ್ ಎಂಟ್ರಿ ಪ್ರತಿಯೊಬ್ಬರಿಗೂ ಬೇರೆ ಬೇರೆ. ಗಂಡನಿಗಿದ್ದರೆ ಹೆಂಡತಿ ಜೊತೆಗೆ ಹೋಗುವಂತಿಲ್ಲ, ಕಂಕುಳಲ್ಲಿನ ಮಗುವಿಗೂ ಸ್ವಂತ ಸದಸ್ಯತ್ವ ಬೇಕು. ತಂದೆ ಅಥವಾ ತಾಯಿ ಸದಸ್ಯರಾಗಿದ್ದರೆ 18 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ.

ಕರಿಬೇವಿನ ಕಟ್ಟು

ನಂಬಿಕೆಯ ಪಟ್ಟಿಗೆ ಸೇರಿದ ಮೇಲೆ ನಿಯಮ ಸಡಿಲವಾಗುತ್ತದೆ ಎಂದುಕೊಂಡರೆ ಕಷ್ಟ. ಇನ್ನೂ ಬಿಗಿಯಾಗುತ್ತದೆ. 2018ರಲ್ಲಿ ಪ್ಯಾರಿಸ್‌ನಿಂದ ಅಮೆರಿಕಕ್ಕೆ ಮರಳಿದ ಮಹಿಳೆಯೊಬ್ಬರ ಚೀಲದಲ್ಲಿ ಒಂದು ಸೇಬು ಸಿಕ್ಕಿತು. ವಿಮಾನದಲ್ಲೇ ತಿನ್ನಲು ಕೊಟ್ಟದ್ದು, ಹಸಿವಾದಾಗ ತಿನ್ನೋಣವೆಂದು ಇಟ್ಟುಕೊಂಡದ್ದು. ಹಣ್ಣು ತಂದಿದ್ದೇನೆಂದು ಹೇಳದೇ ಇದ್ದುದಕ್ಕೆ 500 ಡಾಲರ್ ದಂಡ ಬಿತ್ತು, ಗ್ಲೋಬಲ್ ಎಂಟ್ರಿ ಸದಸ್ಯತ್ವಕ್ಕೂ ಕುತ್ತು ಬಂತು.

ನಮ್ಮ ಮನೆಗಳಲ್ಲಿ ಸೇಬಿಗಿಂತ ಹೆಚ್ಚು ಅಪಾಯ ಕರಿಬೇವಿನದು. ಹಿತ್ತಲಿನ ಗಿಡದಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೊಸೆಗೆಂದು ಸೂಟ್‌ಕೇಸಿನ ಮೂಲೆಯಲ್ಲಿ ಇಡುವ ಕಟ್ಟು. ಅದನ್ನು ಒಯ್ಯುವ ತಾಯಿಗೆ ತಾನು ತಪ್ಪು ಮಾಡುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಆದರೆ ಕರಿಬೇವಿನ ಎಲೆಯ ಮೇಲೆ ಬದುಕುವ ಒಂದು ಬಗೆಯ ಜಿಗಿಹುಳು ಕಿತ್ತಳೆ, ನಿಂಬೆ ತೋಟಗಳಿಗೆ ಹಸಿರು ರೋಗ ಹರಡುತ್ತದೆ. ಅಮೆರಿಕದ ಫ್ಲೋರಿಡಾದ ಕಿತ್ತಳೆ ಬೆಳೆಯನ್ನು ಈ ರೋಗ ನೆಲಕಚ್ಚಿಸಿದೆ. ಆದ್ದರಿಂದಲೇ ತಾಜಾ ಕರಿಬೇವಿಗೆ ಅಲ್ಲಿ ತಡೆ. ತಂದದ್ದನ್ನೆಲ್ಲ ಮೊದಲೇ ಹೇಳಿಬಿಡುವುದು ಕ್ಷೇಮ. ಹೇಳಿದರೆ ಪದಾರ್ಥ ಮಾತ್ರ ಹೋಗುತ್ತದೆ. ಬಚ್ಚಿಟ್ಟರೆ ಪದಾರ್ಥ, ಹಣ, ಸದಸ್ಯತ್ವ ಮೂರೂ ಹೋಗುತ್ತವೆ.

ನಮ್ಮವರಿಗೆ ಇನ್ನೊಂದು ವಿಶೇಷ ತೊಡಕು ಹೆಸರಿನದು. ಹಳೆಯ ಮೈಸೂರಿನ ಕಡೆಯವರಿಗೆ ಮನೆತನದ ಹೆಸರಿಲ್ಲ, ಇನಿಶಿಯಲ್ ಇದೆ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದ ಮೂರನೆಯದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಕೂರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು.

ಯಂತ್ರದ ಗೇಟಿಗೆ ಹೆಸರೆಂದರೆ ಅಕ್ಷರಗಳ ಸಾಲು. ಟಿಕೆಟಿನ ಹೆಸರು ಸದಸ್ಯತ್ವದ ಹೆಸರಿಗೆ ಹೊಂದದಿದ್ದರೆ ಬೋರ್ಡಿಂಗ್ ಪಾಸ್ ಮೇಲೆ ಪ್ರೀಚೆಕ್ ಗುರುತು ಮೂಡುವುದಿಲ್ಲ. ಕೌಂಟರಿನಲ್ಲಿ ಮನುಷ್ಯನಿದ್ದರೆ "ಇದು ನಮ್ಮಪ್ಪನ ಹೆಸರು ಸ್ವಾಮಿ" ಎಂದು ಬಿಡಿಸಿ ಹೇಳಬಹುದಿತ್ತು. ಗಾಜಿನ ಗೇಟಿಗೆ ಆ ಕಿವಿಯಿಲ್ಲ. ಆದ್ದರಿಂದ ಎಲ್ಲಕ್ಕೂ ಮೊದಲು ಮನೆಮಂದಿಯ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಹರಡಿ, ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರ ತಪ್ಪದೆ ಟಿಕೆಟ್ ತೆಗೆಸಬೇಕು. ಮಕ್ಕಳ ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಕುಲನಾಮ, ಸ್ವಂತ ಹೆಸರು ಎರಡೂ ಜಾಗಗಳನ್ನು ತುಂಬಬೇಕು.

ಬಾಕ್ಸ್: ಹೊಸ ಪಾಸ್‌ಪೋರ್ಟ್ ಬಂದರೆ
ಭಾರತದ ನೋಂದಣಿ ಪಾಸ್‌ಪೋರ್ಟಿಗೆ ಅಂಟಿಕೊಂಡಿದೆ, ಪಾಸ್‌ಪೋರ್ಟ್ ಮುಗಿದರೆ ಅದೂ ಮುಗಿಯಿತು. ಒಂದೆರಡು ವರ್ಷದಲ್ಲಿ ಅವಧಿ ತೀರುವುದಿದ್ದರೆ ಮೊದಲು ನವೀಕರಿಸಿ, ಆಮೇಲೆ ನೋಂದಾಯಿಸುವುದು ಜಾಣತನ. ಗ್ಲೋಬಲ್ ಎಂಟ್ರಿ ಸದಸ್ಯರೂ ಹೊಸ ಪಾಸ್‌ಪೋರ್ಟಿನ ವಿವರವನ್ನು ತಮ್ಮ ಖಾತೆಗೆ ಸೇರಿಸಬೇಕು. ಸದಸ್ಯತ್ವದ ಸಂಖ್ಯೆಯನ್ನು ಟಿಕೆಟ್ ಬುಕ್ ಮಾಡುವಾಗಲೇ ನಮೂದಿಸಬೇಕು.

ಮುಖ ಕೊಟ್ಟ ಮೇಲೆ

ಸಮಯ ಉಳಿಸಲು ನಾವು ಕೊಡುವ ಬೆಲೆ ರೂಪಾಯಿಯಲ್ಲಿಲ್ಲ. ಬೆರಳಚ್ಚು, ಮುಖ, ಓಡಾಟದ ಚರಿತ್ರೆ ಕೊಡುತ್ತಿದ್ದೇವೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮುಖವನ್ನು ಬದಲಿಸಲಾಗದು. ಈ ಎಚ್ಚರವನ್ನು ದೇಶಕ್ಕೆ ಕಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಅವರ ವಯಸ್ಸು 86. ಆ ಪ್ರಕರಣದಿಂದಲೇ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನೂ ಬಂತು. ಆದರೆ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಆ ಕಾನೂನಿನಲ್ಲೇ ಇಟ್ಟುಕೊಂಡಿದೆ.

ಹಾಗೆಂದು ಇ-ಗೇಟಿನಿಂದ ದೂರ ನಿಲ್ಲಬೇಕೆಂದಲ್ಲ. ಪಾಸ್‌ಪೋರ್ಟ್ ಮಾಡಿಸುವಾಗಲೇ ಬೆರಳಚ್ಚು ಕೊಟ್ಟಿದ್ದೇವೆ. ಆದರೆ ಅರ್ಜಿದಾರ ಒಪ್ಪಿಗೆ ಒತ್ತುವ ಮೊದಲು ತನ್ನ ದತ್ತಾಂಶ ಎಷ್ಟು ಕಾಲ ಉಳಿಯುತ್ತದೆ, ಯಾರ ಕೈ ಸೇರುತ್ತದೆ, ಬೇಡವೆನಿಸಿದರೆ ಹೊರಬರುವ ದಾರಿ ಯಾವುದು ಎಂಬುದು ಕನ್ನಡದಲ್ಲಿ, ಓದಿದರೆ ಅರ್ಥವಾಗುವ ಹಾಗೆ ಅವನ ಕಣ್ಣೆದುರು ಇರಬೇಕು. ನಂಬಿಕೆ ಎರಡೂ ಕಡೆಯಿಂದ ಬರಬೇಕಾದದ್ದು. ನೋಂದಾಯಿಸದೆ ಉಳಿದವರ ಸಾಲಿನಲ್ಲೂ ಸಾಕಷ್ಟು ಅಧಿಕಾರಿಗಳಿರಬೇಕು. ಗೇಟು ಬಂತೆಂದು ಕೌಂಟರ್ ಮುಚ್ಚಿದರೆ ಒಬ್ಬರ ಅನುಕೂಲ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ.

ಬಜ್ಪೆಗೆ ಯಾವಾಗ?

ಈ ಸೌಲಭ್ಯ ಅತಿ ಹೆಚ್ಚು ಬೇಕಿರುವ ಕನ್ನಡಿಗರು ಯಾರು ಎಂದು ಕೇಳಿದರೆ ನನ್ನ ಕಣ್ಣು ಕರಾವಳಿಯ ಕಡೆ ಹೋಗುತ್ತದೆ. ಉಡುಪಿ, ಮಂಗಳೂರು, ಭಟ್ಕಳ, ಕಾಸರಗೋಡಿನ ಮನೆಮನೆಯಿಂದ ಒಬ್ಬರಾದರೂ ಕೊಲ್ಲಿಯಲ್ಲಿದ್ದಾರೆ. ದುಬೈನ ನಿವಾಸಿಯಾದವರು ಅಲ್ಲಿನ ಸ್ಮಾರ್ಟ್ ಗೇಟನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿ ಅಭ್ಯಾಸವಿರುವವರು. ಪರದೇಶದಲ್ಲಿ ಮುಖ ನೋಡಿಯೇ ಬಿಡುತ್ತಾರೆ, ಸ್ವಂತ ಊರಿನ ನಿಲ್ದಾಣದಲ್ಲಿ ಸಾಲು ನಿಲ್ಲಬೇಕು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಅವರದು. ಹೊರಗೆ ಕಾದಿರುವ ಮಕ್ಕಳಿಗೆ ಅಪ್ಪನ ಮುಖವೇ ಸರಿಯಾಗಿ ನೆನಪಿರುವುದಿಲ್ಲ.

ಮಂಗಳೂರಿನ ಬಜ್ಪೆ ನಿಲ್ದಾಣದಿಂದ 2006ರಲ್ಲೇ ದುಬೈಗೆ ನೇರ ವಿಮಾನ ಹಾರಿತು. ಆದರೆ ಎಫ್‌ಟಿಐ-ಟಿಟಿಪಿಯ ಪಟ್ಟಿಯಲ್ಲಿ ಮಂಗಳೂರಿನ ಹೆಸರು ಬರಲಿಲ್ಲ. 2025ರ ಸೆಪ್ಟೆಂಬರ್ 11ರಂದು ಇನ್ನೂ ಐದು ನಿಲ್ದಾಣಗಳು ಸೇರಿದವು: ಲಖನೌ, ತಿರುವನಂತಪುರ, ತಿರುಚಿರಾಪಳ್ಳಿ, ಕೋಯಿಕ್ಕೋಡ್, ಅಮೃತಸರ. ಕೊಚ್ಚಿಯನ್ನೂ ಸೇರಿಸಿದರೆ ಪಕ್ಕದ ಕೇರಳಕ್ಕೆ ಮೂರು ಸಿಕ್ಕವು, ಕರ್ನಾಟಕಕ್ಕೆ ಬೆಂಗಳೂರು ಒಂದೇ. ಕೇರಳಕ್ಕೆ ಸಿಕ್ಕಿದ್ದರಲ್ಲಿ ತಪ್ಪಿಲ್ಲ. ನಾವು ಕೇಳಿದ್ದೇವೆಯೇ?

ಯೋಜನೆ ಆರಂಭಿಸಿದಾಗ ಕೇಂದ್ರ ಸರ್ಕಾರ ಹೇಳಿದ್ದು ದೇಶದ 21 ಪ್ರಮುಖ ನಿಲ್ದಾಣಗಳಿಗೆ ಇದನ್ನು ಒಯ್ಯುತ್ತೇವೆ ಎಂದು. ಸೆಪ್ಟೆಂಬರಿನ ಆ ಐದನ್ನು ಸೇರಿಸಿ 13 ಆದವು. ಉಳಿದ ಎಂಟರಲ್ಲಿ ಬಜ್ಪೆಯ ಹೆಸರಿರಲೆಂದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಸಂಸದರು ಗೃಹ ಸಚಿವಾಲಯಕ್ಕೆ ಒಟ್ಟಾಗಿ ಪತ್ರ ಕೊಡಲಿ, ಕೊಲ್ಲಿಯ ಕನ್ನಡ ಸಂಘಗಳು ಅದಕ್ಕೆ ಸಹಿ ಸೇರಿಸಲಿ. ಅಲ್ಲಿಯವರೆಗೆ, ಬೆಂಗಳೂರಿನ ಮೂಲಕ ಓಡಾಡುವವರು ಈ ರಜೆಯಲ್ಲಿ ಊರಿಗೆ ಬಂದಾಗಲೇ ಅರ್ಜಿ ಹಾಕಿ, ಮರಳುವ ಮೊದಲು ಬೆರಳಚ್ಚು ಕೊಟ್ಟು ಹೋಗಬಹುದು.